ಎರಡು ಸೀಟಿನ ಗಾಡಿ

ನಮ್ಮ ಮನೆಯ ಮುಂಬಾಗಿಲಿನ ಅಗಲ ಇಪ್ಪತ್ತೊಂಬತ್ತೂವರೆ ಇಂಚು. ಮನೆಯವರೆಲ್ಲ ಊಟ ಮುಗಿಸಿ ಅಡ್ಡಾಗಿದ್ದ ಹೊತ್ತಿನಲ್ಲಿ, ರವಿಕೆಯ ಅಳತೆ ತೆಗೆಯುವ ಟೇಪು ಹಿಡಿದು ನಾನೇ ಅಳೆದದ್ದು. ಬಾಣಂತಿಯೊಬ್ಬಳು ಬಾಗಿಲು ಅಳೆಯುತ್ತಿರುವುದನ್ನು ಯಾರಾದರೂ ಕಂಡಿದ್ದರೆ, ಸಂಜೆಯೊಳಗೆ ಕುಮಟೆಯ ನನ್ನ ತವರಿಗೆ ಸುದ್ದಿ ಮುಟ್ಟಿ, ಅಪ್ಪ ನನ್ನನ್ನು ನೋಡಲು ಹೊನ್ನಾವರದ ಬಸ್ಸು ಹತ್ತುತ್ತಿದ್ದರು.

ಒಂದು ಮಗುವಿನ ತಾಯಿಗೆ ಇನ್ನೂ ಒಂದು ಕೈ ಉಳಿದಿರುತ್ತದೆ. ಆ ಕೈಯಲ್ಲಿ ಕೊಡೆ ಹಿಡಿಯಬಹುದು, ಬಾಗಿಲ ಚಿಲಕ ತೆಗೆಯಬಹುದು, ಯಾರಿಗೂ ಹೇಳದೆ ರಸ್ತೆಗೆ ಇಳಿಯಬಹುದು. ಎರಡನೆಯದು ಹುಟ್ಟಿದ ಮೇಲೆ ಹೊಸ್ತಿಲು ದಾಟಬೇಕಾದರೆ ಇನ್ನೊಬ್ಬರ ಕೈ ಕೇಳಬೇಕು. ಕೈ ಕೊಡುವವರು ಬಾಯಿಯನ್ನೂ ಜೊತೆಗೇ ತರುತ್ತಾರೆ. ನನ್ನ ಕಷ್ಟವೆಲ್ಲ ಆ ಬಾಯಿಯದು. ನನ್ನ ಗಂಡನ ಮನೆಯಲ್ಲಿ ಕೆಟ್ಟವರು ಒಬ್ಬರೂ ಇಲ್ಲ, ಸುಮ್ಮನಿರುವವರೂ ಒಬ್ಬರಿಲ್ಲ. ರೇಡಿಯೋ ಹಾಕಿದರೆ ಅದಕ್ಕಿಂತ ಗಟ್ಟಿಯಾಗಿ ಮಾತಾಡುತ್ತಾರೆ. ದೊಡ್ಡವಳು ಹುಟ್ಟಿದ ಮೇಲೂ ನಾನು ಅವಳನ್ನು ಹೆಗಲಿಗೆ ಹಾಕಿಕೊಂಡು ಸಂಜೆ ಬಂದರಿನ ರಸ್ತೆಯಲ್ಲಿ ಅರ್ಧ ಗಂಟೆ ನಡೆದು ಬರುತ್ತಿದ್ದೆ. ದಿನದಲ್ಲಿ ಯಾರೂ ನನ್ನೊಡನೆ ಮಾತಾಡದ ಅರ್ಧ ಗಂಟೆ ಅದೊಂದೇ. ಚಿಕ್ಕವನು ಹುಟ್ಟಿದ ಮೇಲೆ ಅದೂ ಹೋಯಿತು.

ಚಿಕ್ಕವನು ಹುಟ್ಟಿದಾಗ ದೊಡ್ಡವಳಿಗೆ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಸಂಭವನೀಯತೆಯ ಪತ್ರಿಕೆಯಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದವಳು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಯೋಚಿಸುವ ಜನ ನಮ್ಮ ಕೇರಿಯಲ್ಲಿ ಇಲ್ಲವೆಂಬುದೇ ನನಗಿದ್ದ ಸಮಾಧಾನ.

ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಎರಡು ಮಕ್ಕಳು ಕೂರುವ ಗಾಡಿ ಬಂದಿದೆ ಎಂದು ನನ್ನ ಗಂಡ ಆಫೀಸಿನಲ್ಲಿ ಕೇಳಿ ಬಂದರು. ಜನ ಅಲ್ಲಿಗೆ ಹೋಗುತ್ತಿದ್ದದ್ದು ಟೇಪ್ ರೆಕಾರ್ಡರಿಗೆ, ಮಡಚುವ ಕೊಡೆಗೆ, ನೈಲಾನ್ ಸೀರೆಗೆ. ನಾವು ಗಾಡಿಗೆ ಹೋದೆವು. "ನಿಂಗೆ ಬೇಕಾದ್ದೇ ಆರಿಸು" ಎಂದು ಅವರು ಹೇಳಿದ್ದು ಕೇಳಿ ನನಗೆ ನಿಜವಾಗಿ ಸಂತೋಷವಾಗಿತ್ತು. ಬಸ್ಸು ಹತ್ತುವಾಗ ನೋಡಿದರೆ ಅತ್ತೆ ಜರಿಯಂಚಿನ ಸೀರೆ ಉಟ್ಟು ನಮಗಿಂತ ಮೊದಲೇ ಕಿಟಕಿಯ ಪಕ್ಕ ಕೂತಿದ್ದರು.

ಅಂಗಡಿಯಲ್ಲಿ ಇದ್ದದ್ದು ಎರಡು ಗಾಡಿ. ಒಂದರಲ್ಲಿ ಸೀಟುಗಳು ಅಕ್ಕಪಕ್ಕ, ಇನ್ನೊಂದರಲ್ಲಿ ಒಂದರ ಹಿಂದೆ ಒಂದು. ಅಂಗಡಿಯ ಸಾಹೇಬರು ಸಭ್ಯರು. ಎರಡನ್ನೂ ನಾಲ್ಕು ಸಲ ಬಿಚ್ಚಿ ಮಡಚಿ ತೋರಿಸಿದರು. ನನ್ನ ಗಂಡನ ಲಕ್ಷ್ಯವೆಲ್ಲ ಬ್ರೇಕಿನ ಮೇಲೆ. ಗಾಡಿಯನ್ನು ಅಂಗಡಿಯ ಮೆಟ್ಟಿಲಿನ ಅಂಚಿಗೆ ಒಯ್ದು ನಿಲ್ಲಿಸಿ, ಅದು ಉರುಳುವುದೋ ಇಲ್ಲವೋ ಎಂದು ಕಾದು ನೋಡಿದರು. ಅತ್ತೆಗೆ ಅಕ್ಕಪಕ್ಕದ್ದೇ ಹಿಡಿಸಿತು. "ಹಿಂದೆ ಕೂತದ್ದಕ್ಕೆ ಮುಂದಿನದ್ರ ತಲೆ ಬಿಟ್ರೆ ಎಂತ ಕಾಣ್ತದೆ?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ನಾನು ಬಾಗಿಲಿನ ಅಗಲ ಹೇಳಿದೆ. ಸಾಹೇಬರು ಟೇಪು ತಂದು ಅಳೆದರು. ಅಕ್ಕಪಕ್ಕದ ಗಾಡಿ ಎರಡಿಂಚು ಹೆಚ್ಚಿತ್ತು. ಎಲ್ಲರೂ ನನ್ನನ್ನು ಮೆಚ್ಚಿಕೊಂಡರು, ಓದಿದವಳು ಎಂದರು. ಈಗ ನಿಜ ಹೇಳುತ್ತೇನೆ. ಬಾಗಿಲು ಸಾಲದೆ ಹೋದರೆ ಹಿತ್ತಿಲಿನ ಕಡೆಯಿಂದ ಗಾಡಿ ತರಬಹುದಿತ್ತು. ಅಕ್ಕಪಕ್ಕದ ಗಾಡಿಯ ಹಿಡಿಕೆ ಉದ್ದ. ಇಬ್ಬರು ಜೊತೆಯಾಗಿ ಮಾತಾಡುತ್ತ ತಳ್ಳಬಹುದು. ಇನ್ನೊಂದರ ಹಿಡಿಕೆಗೆ ಎರಡು ಕೈಗಿಂತ ಹೆಚ್ಚು ಜಾಗವಿರಲಿಲ್ಲ. ನಾನು ಆರಿಸಿದ್ದು ಹಿಡಿಕೆಯನ್ನು. ಸೀಟುಗಳು ಅದರ ಜೊತೆಗೆ ಬಂದವು.

ಗಾಡಿ ಬಸ್ಸಿನ ಮೇಲೆ ಹೊನ್ನಾವರಕ್ಕೆ ಬಂತು. ಮುರ್ಡೇಶ್ವರದ ತಿರುವಿನಲ್ಲಿ ಹತ್ತಿದ ಹೆಂಗಸೊಬ್ಬಳು ಖಾಲಿ ಮೀನುಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು, ನನ್ನ ತೊಡೆಯ ಮೇಲಿನ ಇಬ್ಬರನ್ನೂ ನೋಡಿ, ಎರಡಕ್ಕೂ ಎಷ್ಟು ಅಂತರ ಎಂದು ಕೇಳಿದಳು. ಒಂದೂವರೆ ವರ್ಷವೂ ಇಲ್ಲವೆಂದೆ. ಅವಳು ಮನಸ್ಸಿನಲ್ಲೇ ತಿಂಗಳು ಎಣಿಸಿ, ಕಿಟಕಿಯ ಹೊರಗೆ ನೋಡಿದಳು. ಆ ಗಾಡಿ ರಸ್ತೆಗೆ ಇಳಿದ ಮೇಲೆ ಊರಿಗೆ ಊರೇ ಅದೇ ಪ್ರಶ್ನೆ ಕೇಳಿತು. ನನ್ನ ಖಾಸಗಿ ಲೆಕ್ಕದ ತಪ್ಪಿಗೆ ನಾಲ್ಕು ಚಕ್ರ ಹಾಕಿ ಪೇಟೆಯಲ್ಲಿ ಮೆರವಣಿಗೆ ಮಾಡಿಸಲು ನಾನೇ ಭಟ್ಕಳಕ್ಕೆ ಹೋಗಿ ಬಂದಂತಾಯಿತು.

ಅದನ್ನೂ ಸಹಿಸುತ್ತಿದ್ದೆ. ಆದರೆ ಮೊದಲನೆಯ ಸಂಜೆಯೇ ದೊಡ್ಡವಳು ಹತ್ತು ಮಾರು ಹೋಗುವಷ್ಟರಲ್ಲಿ ಕೆಳಗಿಳಿಯಲು ಗಲಾಟೆ ಮಾಡಿದಳು. ನಡೆಯಲು ಹೊಸದಾಗಿ ಕಲಿತ ಮಗುವನ್ನು ಕೂರಿಸುವ ಸೀಟು ಯಾವ ದೇಶದಲ್ಲೂ ತಯಾರಾಗಿಲ್ಲ. ಅವಳನ್ನು ಇಳಿಸಿ, ಗಾಡಿಯ ಸರಳು ಹಿಡಿಸಿ ನಡೆಸಿದೆ. ಅತ್ತೆ ಜಗಲಿಯಿಂದ ಕಂಡವರು ಓಡಿ ಬಂದರು.

"ಖಾಲಿ ತೊಟ್ಲು ತೂಗುಕಾಗ ತಂಗಿ, ಮಕ್ಕಳಿಗೆ ಕೇಡು. ಇದೂ ತೊಟ್ಲೇ ಅಲ್ದಾ? ಚಕ್ರ ಇದ್ರೆ ಎಂತಾತು?"

ಅರ್ಧವಷ್ಟೇ ಖಾಲಿ ಎಂದೆ. ಮಕ್ಕಳ ವಿಷಯದಲ್ಲಿ ಅರ್ಧ ಎಂಬುದಿಲ್ಲ ಎಂದರು. ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿದರು. ಒಂದು ವಾರ ನಾನು ಒಂದು ಮಗುವನ್ನೂ ಒಂದು ತೆಂಗಿನಕಾಯಿಯನ್ನೂ ಬಂದರಿನ ರಸ್ತೆಯಲ್ಲಿ ತಿರುಗಾಡಿಸಿದೆ. ತೆಂಗಿನಕಾಯಿಯ ಬಗ್ಗೆ ನನ್ನ ದೂರಿಲ್ಲ. ಆ ಮನೆಯಿಂದ ನನ್ನ ಜೊತೆ ಹೊರಟವರಲ್ಲಿ ಮಾತಾಡದೆ ಕೂತದ್ದು ಅದೊಂದೇ.

ಆದರೆ ಅತ್ತೆ ಲೆಕ್ಕಾಚಾರದ ಹೆಂಗಸು. ಕಾಯಿ ಸುಮ್ಮನೆ ಹೋಗಿ ಸುಮ್ಮನೆ ಬರುವುದು ಅವರಿಗೆ ಸರಿಕಾಣಲಿಲ್ಲ. ಕಾಯಿಯ ಬದಲು ಗೋಧಿಯ ಡಬ್ಬಿ ಕೂತಿತು. ಗಿರಣಿ ಹೇಗೂ ಪೇಟೆಯ ಆ ತುದಿಯಲ್ಲಿದೆಯಲ್ಲ. ಮಾರನೆಯ ವಾರ ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ, "ಹೆಂಗೂ ಹೋಗ್ತೆ ಅಲ್ದಾ ತಂಗಿ, ನಮ್ಮದೂ ಒಂದ್ ಡಬ್ಬಿ ಇರ್ಲಿ" ಎಂದಳು. ಬರುವಾಗ ಸೀಗೆಪುಡಿ, ಬೆಂಕಿಪೊಟ್ಟಣ, ಅತ್ತೆಯ ಮೊಣಕಾಲಿನ ಎಣ್ಣೆ. ಬಂದರು ಇದ್ದದ್ದು ಎಡಕ್ಕೆ, ಗಿರಣಿ ಬಲಕ್ಕೆ. ನನ್ನ ಅರ್ಧ ಗಂಟೆ ಬಲಕ್ಕೆ ತಿರುಗಿತು. ಗಿರಣಿಯ ಸದ್ದಿನಲ್ಲಿ, ಸರದಿಯಲ್ಲಿ ನಿಂತವರ ಪ್ರಶ್ನೆಗಳಿಗೆ ಕೂಗಿ ಉತ್ತರ ಹೇಳುವುದರಲ್ಲಿ ಮುಗಿಯತೊಡಗಿತು.

ಒಂದು ಶನಿವಾರ ಸಂಜೆ ನನ್ನ ಗಂಡನ ಆಫೀಸಿನ ಗೆಳೆಯರೊಬ್ಬರು ಬಂದಿದ್ದರು. ಜಗಲಿಯ ಮೇಲಿದ್ದ ಗಾಡಿಯನ್ನು ತೋರಿಸಿ ಇವರು, "ಇವಳೇ ಆರಿಸಿದ್ದು. ಈಗ ನಮ್ಮನೆ ಗಿರಣಿ ಕೆಲಸ ಎಲ್ಲ ಇವಳದೇ" ಎಂದರು. ಹೊಗಳಿಕೆಯೇ. ಅವರ ಧ್ವನಿಯಲ್ಲಿ ನಿಜವಾದ ಅಭಿಮಾನವಿತ್ತು. ನಾನು ಚಹಾದ ಕಪ್ಪುಗಳನ್ನು ಒಳಗೆ ತಂದು, ತೊಳೆದಾದ ಮೇಲೂ ಇನ್ನೊಮ್ಮೆ ತೊಳೆದೆ. ಗೆಳೆಯರು ಹೋದ ಮೇಲೆ ಹೇಳಿದೆ:

"ನಾಳೆ ಬೆಳಿಗ್ಗೆ ಗಾಡಿ ನೀವು ತಗೊಂಡು ಹೋಗಿ, ಮಕ್ಕಳಿಬ್ಬರನ್ನೂ ಕೂಡಿಸಿಕೊಂಡು. ನಾನು ಬಂದರಿನ ಕಡೆ ಹೋಗಿ ಬರ್ತೇನೆ."

"ಯಾರ ಜೊತೆ?"

"ಒಬ್ಬಳೇ."

"ಒಬ್ಳೇ? ಎಂತಕ್ಕೆ?"

"ಎಂತಕ್ಕೂ ಅಲ್ಲ."

ಸೀರೆಗೆ, ಡಾಕ್ಟರಿಗೆ, ದೇವಸ್ಥಾನಕ್ಕೆ ಎಂದಿದ್ದರೆ ಅವರು ಆ ಕ್ಷಣವೇ ಒಪ್ಪುತ್ತಿದ್ದರು. ಎಂತಕ್ಕೂ ಅಲ್ಲ ಎಂದದ್ದಕ್ಕೆ ನನ್ನ ಹಣೆ ಮುಟ್ಟಿ ಜ್ವರವಿದೆಯೋ ಎಂದು ನೋಡಿದರು. ಕೊನೆಗೆ "ಆತು" ಎಂದು, ಪೇಟೆಯ ಕಡೆ ಹೋಗುವುದಾಗಿ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಒಬ್ಬಳೇ ಹೊರಟೆ. ದಾರಿಯಲ್ಲಿ ಸಿಕ್ಕವರೆಲ್ಲ ಮಕ್ಕಳೆಲ್ಲಿ ಎಂದು ಕೇಳಿದರು. ನನ್ನ ಖಾಲಿ ಕೈಗಳನ್ನು ಎರಡು ಸೀಟಿನ ಗಾಡಿಗಿಂತ ಹೆಚ್ಚು ಕುತೂಹಲದಿಂದ ನೋಡಿದರು. ಬಂದರಿಗೆ, ನದಿಯ ದಂಡೆಗೆ ಬಂದು ನಿಂತೆ. ಆಚೆ ದಡದ ಕಾಸರಕೋಡಿನ ಕಡೆ ದೋಣಿಗಳು ಮರಳುತ್ತಿದ್ದವು. ಯಾರೂ ಮಾತಾಡಲಿಲ್ಲ. ಎಷ್ಟೋ ತಿಂಗಳಿಂದ ಬೇಡಿದ್ದ ಮೌನ ಸಿಕ್ಕಿತು. ಸಿಕ್ಕ ಕೂಡಲೇ ಅದರೊಳಗೆ ಒಂದು ಪ್ರಶ್ನೆ ಎದ್ದಿತು: ಇವರು ಚಿಕ್ಕವನ ಬೆಲ್ಟು ಸರಿಯಾಗಿ ಹಾಕಿದ್ದಾರೋ ಇಲ್ಲವೋ? ಬ್ರೇಕು ಬಿಟ್ಟು ಬೇರೆ ಯಾವುದನ್ನೂ ನೋಡುವ ಮನುಷ್ಯರಲ್ಲ ಇವರು. ನೀರನ್ನು ಇನ್ನೊಮ್ಮೆ ಸರಿಯಾಗಿ ನೋಡುವಷ್ಟೂ ಹೊತ್ತು ನಿಲ್ಲಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪೇಟೆಯ ಕಡೆ ನಡೆದೆ.

ಗಿರಣಿಯ ಮುಂದೆ ಗುಂಪು ಕೂಡಿತ್ತು. ನುಗ್ಗಿ ನೋಡಿದರೆ ಬೆಲ್ಟು ಸರಿಯಾಗಿಯೇ ಇತ್ತು. ಚಿಕ್ಕವನು ನಿದ್ದೆ ಮಾಡುತ್ತಿದ್ದ. ನಾನು ತಳ್ಳುವಾಗ ಒಂದು ದಿನವೂ ಕೂರದ ದೊಡ್ಡವಳು ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಜನ ಕೂಡಿದ್ದು ನನ್ನ ಗಂಡನನ್ನು ನೋಡುವುದಕ್ಕೆ. ಗಂಡಸೊಬ್ಬ ಮಕ್ಕಳ ಗಾಡಿ ತಳ್ಳುವುದನ್ನು ಹೊನ್ನಾವರ ಮೊದಲ ಸಲ ಕಾಣುತ್ತಿತ್ತು. ಗಿರಿಜಕ್ಕ ನನ್ನ ತೋಳು ಹಿಡಿದು, "ಎಂಥಾ ಗಂಡ ಸಿಕ್ಕಿದ ನಿಂಗೆ. ಪುಣ್ಯ ಮಾಡಿದ್ದೆ ತಂಗಿ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಹಿಂದಿನ ಸಂಜೆ ನಾನು ಬಿಟ್ಟು ಬಂದಿದ್ದ ಗೋಧಿ ಆಗತಾನೇ ಹಿಟ್ಟಾಗಿ ಬಂದಿತ್ತು. ಎರಡೂ ಸೀಟು ಭರ್ತಿ. ಇವರು ಗಾಡಿ ತಳ್ಳಿಕೊಂಡು, ಎರಡೂ ಬದಿಯ ನಮಸ್ಕಾರಗಳಿಗೆ ತಲೆಬಾಗುತ್ತ ಮುಂದೆ ಹೊರಟರು. ನಾನು ಬಿಸಿ ಡಬ್ಬಿಯನ್ನು ಸೊಂಟದ ಮೇಲೇರಿಸಿಕೊಂಡು ಹಿಂದೆ ಹೊರಟೆ.