ನಿಲ್ಸನ್ ಸಾಹೇಬರಿಗೆ ಉಪಚಾರ

ಅಮರಪ್ಪ: ಒಮ್ಮೆ ಕೇಳು. ಬ್ಯಾಡ ಅಂದ್ರ ಸುಮ್ನ ಬಿಡು. ಇದರಾಗ ತಿಳಿಲಾರದ್ದು ಏನೈತಿ?

ಕಳಕಮ್ಮ: ಮನಿಗೆ ಬಂದವ್ರು ಬ್ಯಾಡ ಅಂದಮ್ಯಾಲ ಅಲ್ಲೇನ್ರಿ ಬಡಸಾಕ ಶುರು ಮಾಡೋದು?

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಗಂಗಾವತಿಯ ಅಕ್ಕಿ ಗಿರಣಿಗೆ ಹೊಸ ಎಣ್ಣೆ ಇಂಜಿನ್ ಜೋಡಿಸಲು ಸ್ವೀಡನ್ ದೇಶದ ನಿಲ್ಸನ್ ಸಾಹೇಬರು ಬಂದಿದ್ದರು. ಊರಿನಲ್ಲಿ ಕೆಲವು ತಿಂಗಳು ಇದ್ದು ಅಷ್ಟಿಷ್ಟು ಕನ್ನಡವನ್ನೂ ಕಲಿತಿದ್ದರು. ಹೊರಡುವ ಮುನ್ನ ಇಂಜಿನ್ ನಡೆಸುವ ವಿದ್ಯೆಯನ್ನು ಒಬ್ಬನಿಗೆ ಕಲಿಸಿ ಹೋಗುವವರಿದ್ದರು. ಗಿರಣಿಯಲ್ಲಿ ಭತ್ತದ ಚೀಲ ಹೊರುವ ಅಮರಪ್ಪನಿಗೆ ಆ ಒಬ್ಬ ತಾನೇ ಆಗಬೇಕೆಂಬ ಆಸೆ. ಅದಕ್ಕಾಗಿಯೇ ಸಾಹೇಬರನ್ನು ಊಟಕ್ಕೆ ಕರೆದಿದ್ದ. ಅವರ ಅಡುಗೆಯವನಾದ ಮುರ್ತುಜಾಸಾಬನ ಬೆನ್ನು ಹತ್ತಿ ಸ್ವೀಡನ್ನಿನ ನಾಲ್ಕು ಮಾತು, ರೀತಿ ರಿವಾಜು ಕಲಿತಿದ್ದ.

ಅಮರಪ್ಪ: ಅವರ ದೇಶದಾಗ ಬ್ಯಾಡ ಅಂದ್ರ ಬ್ಯಾಡ. ಮತ್ತ ಮತ್ತ ಕೇಳಿದ್ರ, ಇವನಿಗೆ ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲ ಅಂತ ತಿಳಿತಾರಂತ. ಹಂತಾವನ ಕೈಯಾಗ ಇಂಜಿನ್ ಕೊಡ್ತಾರೇನು?

ಕಳಕಮ್ಮ: ಹಂಗಾರ ಅಲ್ಲಿ ಬೀಗರು ಹೆಂಗ ಉಣ್ತಾರ್ರಿ?

ಅಮರಪ್ಪ: ಹಸಿವಾದ್ರ ಉಣ್ತಾರ.

ಕಳಕಮ್ಮ: ಹಸಿವಾದ್ರ ಉಣ್ಣೋರು ಬೀಗರು ಹೆಂಗಾದ್ರು?

ಅಮರಪ್ಪ: ನಿನ್ನ ಕೂಡ ವಾದ ಮಾಡಾಕ ಆಗಂಗಿಲ್ಲ. ಇನ್ನೊಂದು ಕೇಳು. ಏನು ಕೊಟ್ರೂ ‘ತಾಕ್’ ಅನಬೇಕು. ಉಪಕಾರ ಆತು ಅಂತ ಅರ್ಥ. ನೀರು ಕೊಟ್ರ ತಾಕ್, ಉಪ್ಪು ಕೊಟ್ರ ತಾಕ್. ಗಂಡ ಹೆಂಡ್ತಿಗೂ ಅಂತಾನಂತ.

ಕಳಕಮ್ಮ: ಹೌದಾ? ಅನ್ರಿ ನೋಡೋಣು.

ಅಮರಪ್ಪ: ಈಗ್ಯಾಕ? ನೀ ಏನು ಕೊಟ್ಟಿ?

ಕಳಕಮ್ಮ: ಮದಿವ್ಯಾದಾಗಿಂದ ರೊಟ್ಟಿ.

ಅಮರಪ್ಪ ರುಮಾಲು ಸರಿಪಡಿಸಿಕೊಂಡು ಬಾಗಿಲ ಕಡೆ ನೋಡಿದ.

ಅಮರಪ್ಪ: ಅದು ಅವರ ದೇಶದಾಗ.

ಅಷ್ಟರಲ್ಲಿ ಸಾಹೇಬರು ಬಂದೇ ಬಿಟ್ಟರು. ಬೂಟು ಹೊರಗೆ ಬಿಟ್ಟು, ಕೈಕಾಲು ತೊಳೆದು, ಉದ್ದನೆಯ ಕಾಲುಗಳನ್ನು ಕಷ್ಟಪಟ್ಟು ಮಡಚಿ ಮಣೆಯ ಮೇಲೆ ಕುಳಿತರು. ಕಳಕಮ್ಮ ಎಲೆಯ ತುದಿಗೆ ಉಪ್ಪು ಬಡಿಸಿ, ಹೋಳಿಗೆಯ ಬುಟ್ಟಿ ತಂದಳು.

ಕಳಕಮ್ಮ: ಹೋಳಗಿ ಹಾಕಲೇನ್ರಿ?

ನಿಲ್ಸನ್: ಬ್ಯಾಡ.

ಅಮರಪ್ಪ ಕಣ್ಣಿನಲ್ಲೇ ಹೆಂಡತಿಯನ್ನು ತಡೆದ. ಬುಟ್ಟಿ ಒಳಗೆ ಹೋಯಿತು. ರೊಟ್ಟಿ ಬಂತು. ‘ಬ್ಯಾಡ.’ ಬದನೆಕಾಯಿ ಪಲ್ಯ ಬಂತು. ‘ಬ್ಯಾಡ.’ ಅನ್ನವೂ ಬಂದ ದಾರಿಯಲ್ಲೇ ಹಿಂದಿರುಗಿತು. ಸಾಹೇಬರು ಒಮ್ಮೆ ಉಪ್ಪನ್ನು, ಒಮ್ಮೆ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದರು.

ಕಳಕಮ್ಮ (ಮೆಲ್ಲಗೆ): ಏನ್ರಿ, ಇವರು ಉಪ್ಪು ಉಣ್ಣಾಕ ಬಂದಾರೇನು?

ಅಮರಪ್ಪ: ಸುಮ್ನಿರು. ನಂಬಿಕಿ ಬೆಳಿಯಾಕ ಹತ್ತೈತಿ.

ಸಾಹೇಬರು ಚಿಟಿಕೆ ಉಪ್ಪನ್ನು ನಾಲಿಗೆಗೆ ಹಚ್ಚಿಕೊಂಡರು.

ನಿಲ್ಸನ್: ಅಮರಪ್ಪ, ನನ್ನಿಂದ ಏನಾರ ತಪ್ಪು ಆತೇನು?

ಅಮರಪ್ಪ: ಇಲ್ರಿ ಸಾಹೇಬ್ರ. ಯಾಕ್ರಿ?

ನಿಲ್ಸನ್: ಮುರ್ತುಜಾಸಾಬ ಹೇಳ್ಯಾನ. ನಿಮ್ಮ ಊರಾಗ ಕೇಳಿದ ಕೂಡಲೇ ಹೂಂ ಅನಬಾರದು. ಬ್ಯಾಡ ಅನಬೇಕು. ಮನಿಯವರು ಒತ್ತಾಯ ಮಾಡ್ತಾರ. ಆಮ್ಯಾಲ ಉಣಬೇಕು. ನೀವು ಒತ್ತಾಯ ಮಾಡವಲ್ರಿ. ನನಗ ಭಾಳ ಹಸಿವು ಆಗೈತಿ.

ಕಳಕಮ್ಮ ಗಂಡನ ಮುಖವನ್ನೂ ನೋಡಲಿಲ್ಲ. ಬುಟ್ಟಿಯನ್ನೇ ತಂದು ಎಲೆಯ ಪಕ್ಕ ಇಟ್ಟು ಹೋಳಿಗೆ, ತುಪ್ಪ ಬಡಿಸತೊಡಗಿದಳು. ಸಾಹೇಬರು ಎರಡೂ ಕೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ತುಪ್ಪ ಸುರಿಯಿತು. ಅವರು ಸಂತೋಷದಿಂದ ‘ತಾಕ್’ ಎಂದರು.

ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದಾಗ ಅಮರಪ್ಪ ಧೈರ್ಯ ಮಾಡಿದ.

ಅಮರಪ್ಪ: ಸಾಹೇಬ್ರ, ನಾಳಿಯಿಂದ ಇಂಜಿನ್ ಕೆಲಸ ಕಲಿಯಾಕ ನಾ ಬರಲೇನ್ರಿ?

ನಿಲ್ಸನ್: ಬ್ಯಾಡ.

ಅಮರಪ್ಪನ ಮುಖ ಬಾಡಿತು. ಕಲಿತ ರಿವಾಜು ಬಿಡಲಾಗದೆ ಸಣ್ಣ ದನಿಯಲ್ಲಿ ‘ತಾಕ್’ ಎಂದು ಏಳಹೊರಟ. ಕಳಕಮ್ಮ ಅವನ ಧೋತರದ ಚುಂಗು ಹಿಡಿದು ಕೂಡಿಸಿದಳು.

ಕಳಕಮ್ಮ: ತಡೀರಿ. ಸಾಹೇಬ್ರ, ಇದು ಯಾವ ದೇಶದ ಬ್ಯಾಡ ರೀ?

ನಿಲ್ಸನ್ (ಮೀಸೆಯ ತುಪ್ಪ ಒರೆಸಿಕೊಳ್ಳುತ್ತ): ಗಂಗಾವತಿದು. ಒತ್ತಾಯ ಮಾಡಾಕ ಹೇಳ್ರಿ ನಿಮ್ಮ ಗಂಡಗ.