ಹ್ಯಾಂಡಲ್ ಮುಟ್ಟದೆ ಕುಶಾಲನಗರಕ್ಕೆ

ಬೈಕು ಹತ್ತಿದರೆ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಪ್ರಾಯದಲ್ಲಿ ಸುಂಟಿಕೊಪ್ಪದಿಂದ ಕುಶಾಲನಗರದವರೆಗೆ ಹ್ಯಾಂಡಲ್ ಮುಟ್ಟದೆ ಬಂದವನು ನಾನು. ಆನೆಕಾಡಿನ ತಿರುವಿನಲ್ಲಿ ಒಂಟಿಸಲಗವೊಂದು ನನ್ನನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಜೊತೆಗಿದ್ದ ಭಾವ, ಅಂದರೆ ಹೆಂಡತಿಯ ಅಣ್ಣ, ಈಗಿಲ್ಲ. ಆ ಬೈಕು ಗುಜರಿಗೆ ಹೋಯಿತು. ಸಲಗ ಸಾಕ್ಷಿ ಹೇಳಲು ಬರುವುದಿಲ್ಲ. ನೀವು ನಂಬಲೇಬೇಕು.

೧. ತಲೆ ಅಲ್ಲಾಡಿಸಿದ ಗಾಡಿ

ಕಳೆದ ಬೇಸಿಗೆಯಲ್ಲಿ ಕುಶಾಲನಗರದಿಂದ ನೆಲ್ಯಹುದಿಕೇರಿಗೆ ಬರುತ್ತಿದ್ದೆವು. ನನ್ನ ಹಿಂದೆ ಹೆಂಡತಿ, ಅವಳ ಹಿಂದೆ ಕ್ಯಾರಿಯರಿನ ತುತ್ತತುದಿಯಲ್ಲಿ ಶುಂಠಿ ಮೂಟೆ. ಇಳಿಜಾರಿನಲ್ಲಿ ವೇಗ ಏರಿದ್ದೇ ತಡ, ಹ್ಯಾಂಡಲ್ ಆ ಕಡೆ ಈ ಕಡೆ ತಲೆ ಅಲ್ಲಾಡಿಸತೊಡಗಿತು. ಗಟ್ಟಿಯಾಗಿ ಹಿಡಿದೆ. ಇನ್ನೂ ಜೋರಾಗಿ ಅಲ್ಲಾಡಿತು. ಕೊನೆಗೆ ಯಾವುದೋ ಎಸ್ಟೇಟಿನ ಬೇಲಿ ನಮ್ಮನ್ನು ಹಿಡಿದು ನಿಲ್ಲಿಸಿತು.

"ರಸ್ತೆ ಸರಿ ಇಲ್ಲ," ಅಂದೆ.

ಲಂಟಾನದ ಪೊದೆಯೊಳಗಿಂದ ಹೆಂಡತಿ ಅಂದಳು, "ರಸ್ತೆ ಅಲ್ಲಿದೆ. ನಾವು ಇಲ್ಲಿದ್ದೇವೆ."

ಮನೆ ಸೇರಿದವಳೇ ಗಾಡಿಯ ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಯಾಕೆ ನಡುಗಿತು ಅಂತ ನಿಮ್ಮ ತಲೆಗೆ ಹೋದ ದಿನ ಕೊಡ್ತೇನೆ."

೨. ಮೂಟೆಯ ಜಾಗ

ಮೆಕ್ಯಾನಿಕನನ್ನು ಮನೆಗೇ ಕರೆಸಿದೆ. ಕೀ ಅವನ ಕೈಗೆ ಹೋಯಿತು, ನನ್ನ ಕೈಗಲ್ಲ. ಸೇತುವೆವರೆಗೆ ಓಡಿಸಿ ಬಂದ.

"ಗಾಡಿಗೆ ಏನೂ ಆಗಿಲ್ಲ ಅಜ್ಜ. ಭಾರ ತುದಿಗೆ ಕಟ್ಟಿದರೆ ಮುಂದಿನ ಚಕ್ರ ಹಗುರ ಆಗಿ ಅಲ್ಲಾಡ್ತದೆ. ಮೂಟೆ ಮುಂದಕ್ಕೆ ಕಟ್ಟಿ. ನಡುಗಿದಾಗ ಹ್ಯಾಂಡಲಿನ ಕತ್ತು ಹಿಸುಕಬೇಡಿ. ಸಡಿಲ ಹಿಡಿದು ವೇಗ ಮೆಲ್ಲ ಇಳಿಸಿ."

"ಮೂಟೆ ಮುಂದೆ ಬಂದರೆ ಇವಳು ಎಲ್ಲಿ ಕೂರುವುದು?"

ಹೆಂಡತಿ ಒಳಗಿಂದಲೇ ಅಂದಳು, "ನಾನು ಬಸ್ಸಿನಲ್ಲಿ ಬರ್ತೇನೆ. ಶುಂಠಿಗೆ ಜೀವದ ಆಸೆ ಇಲ್ಲ."

೩. ನನ್ನ ಬಾಯಿ

ಮೊನ್ನೆ ದೂರದೂರಿಗೆ ಹೊರಟ ಹುಡುಗನೊಬ್ಬ ದೊಡ್ಡ ಬೈಕು ನಿಲ್ಲಿಸಿ ಹೆಂಡತಿಯ ಕಾಫಿ ಅಂಗಡಿಗೆ ಬಂದ. ಬೈಕಿನ ಹಿಂದೆ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಟೆಂಟು.

"ವೇಗ ಏರಿದರೆ ನಡುಗುತ್ತೆ ಅಜ್ಜ. ಭಯ ಆಗ್ತಿದೆ," ಅಂದ.

ಮೆಕ್ಯಾನಿಕನ ಮಾತನ್ನು ನನ್ನ ಸ್ವಂತ ಅನುಭವದಂತೆ ಒಂದಕ್ಷರ ಬಿಡದೆ ಹೇಳಿದೆ. ಅವನು ಟೆಂಟನ್ನು ಬಿಚ್ಚಿ ಸೀಟಿಗೆ ಒತ್ತಿ ಕಟ್ಟಿದ, ಒಂದು ಸುತ್ತು ಹೋಗಿ ಬಂದ.

"ನಿಂತೇಹೋಯ್ತು! ಎಲ್ಲಿ ಕಲಿತಿರಿ ಅಜ್ಜ?"

ಹೆಂಡತಿಯ ಕೈ ಸೆರಗಿಗೆ ಹೋಯಿತು. ಗಂಟು ಸಡಿಲವಾಯಿತು. ಕೀ ಹೊಳೆಯಿತು. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು.

"ಕಲಿಯುವುದೇನು ಬಂತು," ಅಂತ ಶುರುಮಾಡಿ ಸುಂಟಿಕೊಪ್ಪ, ಆನೆಕಾಡು, ಸಲಗ, ಎಲ್ಲ ಹೇಳಿದೆ.

ಹೆಂಡತಿಯ ಕೈ ನಿಂತಿತು. "ಗಾಡಿ ಓಡಿಸಿದ್ದು ನಮ್ಮಣ್ಣ," ಅಂದಳು ಹುಡುಗನಿಗೆ. "ಬಂದವನೇ ನನಗೆ ಎಲ್ಲ ಹೇಳಿದ್ದ. ಇವರು ಹಿಂದೆ ಎರಡೂ ಕೈಯಲ್ಲಿ ಹಲಸಿನಹಣ್ಣು ತಬ್ಬಿಕೊಂಡು ಕೂತಿದ್ದರು. ಆನೆ ಬಂದದ್ದು ಹಣ್ಣಿನ ವಾಸನೆಗೆ."

ಗಂಟು ಮತ್ತೆ ಬಿಗಿಯಾಯಿತು. ಹುಡುಗ ನನ್ನ ಮುಖ ನೋಡಿದ. ನಾನು ಭುಜ ಕುಣಿಸಿದೆ.

"ಹ್ಯಾಂಡಲ್ ಮುಟ್ಟಿಲ್ಲ ತಾನೆ?"