ಮಾವನ ಜಗಳಕ್ಕೊಂದು ಸಸ್ತಾ ಲ್ಯಾಪ್‌ಟಾಪ್

ಚಪ್ಪಲಿ ಕೊಳ್ಳುವ ಮೊದಲು ಅದನ್ನು ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದು, ಬೀದರಿನ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿ, ಅಂಗಡಿಗೆ ವಾಪಸು ಬಂದು "ಒಲ್ಲೆ" ಎನ್ನುವ ಹೆಂಗಸು ಇಡೀ ನಾರಾಯಣಖೇಡದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರತ್ತೆ! ಫ್ಯಾನು ಕೊಳ್ಳಲು ಹೋದವರು ಅಂಗಡಿಯ ನೆಲದ ಮೇಲೆ ಚಾಪೆ ಹಾಸಿಸಿಕೊಂಡು ಅರ್ಧ ಗಂಟೆ ಮಲಗಿ ಎದ್ದು, "ಗಾಳಿ ಬರಾಬರ್ ಅದರಿ, ಆದ್ರ ಕನಸು ಚಲೋ ಬೀಳಲಿಲ್ಲ" ಎಂದು ಹೇಳಿ ಹೊರಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥವರು ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ? ಅದೂ ನನ್ನಂಥವನನ್ನು ನಂಬಿಕೊಂಡು?

ನನ್ನಂಥವನು ಎಂದರೆ ಎಂಥವನು ಎಂಬುದನ್ನೂ ಹೇಳಿಬಿಡಬೇಕು. ನಾನು ಜಹೀರಾಬಾದಿನಲ್ಲಿ ಕನ್ನಡ ಮೇಷ್ಟ್ರು. ಒಮ್ಮೆ ನಮ್ಮನ್ನು ಒಂದು ವಾರದ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಆರು ದಿನ ಮೌಸು ಹಿಡಿಯುವುದನ್ನು ಕಲಿತು, ಏಳನೆಯ ದಿನ ಪರದೆಯ ಮೇಲೆ ಒಂದು ಮಾವಿನಹಣ್ಣಿನ ಚಿತ್ರ ಬರೆದೆ. ನೋಡಿದವರು ಬದನೆಕಾಯಿ ಚೆನ್ನಾಗಿದೆ ಎಂದರು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆದರೆ ಅಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ನಾನು ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೆ ನೋಡಿ, ಬಳಗದವರೆಲ್ಲ ನನ್ನನ್ನು ಮಹಾ ಪಂಡಿತನೆಂದು ತಿಳಿದರು. ನಾನೂ ಯಾರನ್ನೂ ತಿದ್ದಲು ಹೋಗಲಿಲ್ಲ!

ತೆಲಂಗಾಣ ಚಳವಳಿಯ ದಿನಗಳು. ಶಾಲೆ ಎರಡು ದಿನ ನಡೆದರೆ ಮೂರು ದಿನ ಬಂದ್. ಹಾಗೊಂದು ಬಂದಿನ ಬೆಳಿಗ್ಗೆ ನಾರಾಯಣಖೇಡದಿಂದ ಅತ್ತೆಯ ಫೋನು ಬಂತು.

"ನಿಮ್ಮ ಮಾವಗ ಜಗಳಾಡಾಕ ಒಂದು ಲ್ಯಾಪ್‌ಟಾಪ್ ಬೇಕಾಗ್ಯಾದ. ಸಸ್ತಾದ್ದು, ಕಡಿಮಿ ರೊಕ್ಕದ್ದು. ನಿನಗ ಎಲ್ಲಾ ತಿಳೀತದಲ್ಲ?"

"ಹುಂ," ಎಂದೆ. ಮುಂದಿನ ಅನಾಹುತಗಳೆಲ್ಲ ಆ ಒಂದು ಅಕ್ಷರದಿಂದಲೇ ಹುಟ್ಟಿದವು.

ಮಾವನ ಸಂಗತಿ ಹೀಗೆ. ಅವರು ನಲವತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ, ಹೆಸರುಕಾಳಿನ ಹರಾಜು ಕೂಗಿದವರು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಅವರ ದನಿಗೆ ಪಾರಿವಾಳಗಳು ಏಳುತ್ತಿದ್ದವು. ಮನೆಗೆ ಬಂದ ಮೇಲೆ ಅದೇ ದನಿಯಲ್ಲಿ ಅತ್ತೆಯೊಡನೆ ಜಗಳ. ಅತ್ತೆಯೇನು ಕಡಿಮೆಯೇ? ಇಬ್ಬರೂ ಜಗಳವಾಡಿ ಹಸಿವು ಮಾಡಿಕೊಂಡು ಊಟಕ್ಕೆ ಕೂರುತ್ತಿದ್ದರು. ಹಿಂದಿನ ವರ್ಷ ಮಾವನ ಗಂಟಲಿಗೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅತ್ತೆ ಒಂದು ಸ್ಲೇಟು ತಂದುಕೊಟ್ಟರು. ಮಾವ ಬರೆಯುವುದು, ಅತ್ತೆ ಕನ್ನಡಕ ಹುಡುಕುವುದು, ಸಿಕ್ಕ ಮೇಲೆ ಓದುವುದು, ಅಷ್ಟರಲ್ಲಿ ಸಿಟ್ಟಿಳಿದು ಮಾವ ಅದನ್ನು ಅಳಿಸಿಬಿಡುವುದು. ಹೀಗೆ ಜಗಳವೇ ನಿಂತುಹೋಯಿತು. ಕೊನೆಗೆ ಮಾವ ಸ್ಲೇಟು ಮುಟ್ಟುವುದನ್ನೇ ಬಿಟ್ಟರು.

"ದಿನಾ ಗ್ವಾಡಿ ನೋಡಕೋತ ಕೂಡ್ತಾರ," ಎಂದರು ಅತ್ತೆ. "ನಾ ರೊಟ್ಟಿ ಬಡೀಲಿಕತ್ತಾಗ ಅಲ್ಲಿಂದಲೇ ಕನ್ನಡಕ ಇಲ್ದೆ ಓದಬೇಕು, ಅಷ್ಟು ದೊಡ್ಡ ಅಕ್ಷರ ಬರಬೇಕು ನೋಡು."

ಮರುದಿನವೇ ಜಹೀರಾಬಾದಿಗೆ ಬಂದಿಳಿದರು. ಹೆದ್ದಾರಿ ಬದಿಯ ಅಂಗಡಿಗೆ ಕರೆದೊಯ್ದೆ. ಅಲ್ಲಿ ಬೆಳ್ಳಿಬಣ್ಣದ, ಪುಟ್ಟದಾದ, ತೆಳ್ಳನೆಯ ಒಂದು ಲ್ಯಾಪ್‌ಟಾಪ್ ಕಂಡು ನನಗೆ ಬಾಯಲ್ಲಿ ನೀರೂರಿತು. "ಇದೇ ಉತ್ತಮ, ರ‍್ಯಾಮ್ ಹೆಚ್ಚಿದೆ," ಎಂದೆ. ರ‍್ಯಾಮ್ ಎಂದರೇನೆಂದು ಅತ್ತೆ ಕೇಳಲಿಲ್ಲ, ದೇವರು ದೊಡ್ಡವನು! ಬದಲಿಗೆ ಅಂಗಡಿಯವರಿಗೆ ಏನಾದರೂ ಟೈಪ್ ಮಾಡಲು ಹೇಳಿ, ತಾವು ಸೀದಾ ರಸ್ತೆ ದಾಟಿದರು. ಆಚೆ ಬದಿಯ ಬಾಳೆಹಣ್ಣಿನ ಬಂಡಿಯ ಪಕ್ಕ ನಿಂತು, ಕಬ್ಬಿನ ಟ್ರ್ಯಾಕ್ಟರುಗಳ ನಡುವಿನಿಂದ ಕೂಗಿದರು: "ಕಾಣವಲ್ದರೀ! ಇನ್ನಾ ದೊಡ್ಡದು ಮಾಡ್ರಿ! ಕನ್ನಡದಾಗ ಮಾಡ್ರಿ!"

ಅಂಗಡಿಯವರು ನನ್ನ ಮುಖ ನೋಡಿದರು. "ಮಾಸ್ತರ್ ಸಾಬ್, ನೀವೇ ಕನ್ನಡ ಹಚ್ಚಿ ತೋರಿಸ್ರಲ್ಲ." ನಾನು ನಾಲ್ಕು ಕೀ ಒತ್ತಿದೆ. ಪರದೆ ತಲೆಕೆಳಗಾಯಿತು. ಸುಮ್ಮನೆ ಹೇಳುತ್ತಿಲ್ಲ, ಚಿತ್ರ ಪೂರಾ ತಲೆಕೆಳಗಾಗಿ ನಿಂತಿತು! ಗಂಭೀರವಾಗಿ, "ಇದರ ರ‍್ಯಾಮ್ ಕನ್ನಡಕ್ಕೆ ಸಾಲದು," ಎಂದೆ.

"ರ‍್ಯಾಮಿಗೂ ಕನ್ನಡಕ್ಕೂ ಏನ್ರೀ ರಿಶ್ತಾ?" ಎಂದು ಅವರು ಕೇಳುವ ಹೊತ್ತಿಗೆ ಅತ್ತೆ ರಸ್ತೆ ದಾಟಿ ಬಂದು ಹಿಂದೆಯೇ ನಿಂತಿದ್ದರು. ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದ ಮೇಲೆ ಚಪ್ಪಲಿಯನ್ನು ನೋಡುವಂತೆ ನನ್ನನ್ನು ನೋಡಿದರು.

ತಾಂಡೂರಿನಲ್ಲಿ ಇನ್ನೊಂದು ದೊಡ್ಡ ಅಂಗಡಿ ಇದೆ ಎಂದು ತಿಳಿದು ಬಸ್ಸು ಹತ್ತಿದೆವು. ಅರ್ಧ ದಾರಿಗೆ ರಸ್ತೆ ತಡೆ. ಚಳವಳಿಯವರು ರಸ್ತೆಯ ಮೇಲೆಯೇ ಒಲೆ ಹೂಡಿ, ಅಡುಗೆ ಮಾಡಿ, ಊಟಕ್ಕೆ ಕೂರುವ ಕಾರ್ಯಕ್ರಮ. ಉಳಿದ ಪ್ರಯಾಣಿಕರು ಗೊಣಗುತ್ತ ಕುಳಿತರೆ ಅತ್ತೆ ಇಳಿದು ಹೋಗಿ ಸಾರಿನ ಹಂಡೆ ಇಣುಕಿದರು.

"ರಾಜ್ಯ ಕೇಳೋದು ಖರೆ ಅದ, ಆದ್ರ ಇಷ್ಟು ಸಪ್ಪನ ಸಾರು ಉಂಡು ಯಾರಿಗೆ ಘೋಷಣಾ ಹೊಂಡ್ತದ?" ಎಂದು ಸೌಟು ಕೈಗೆ ತಗೊಂಡೇಬಿಟ್ಟರು. ಹುಣಿಸೆಹುಳಿ ಬಿತ್ತು, ಖಾರ ಬಿತ್ತು. ಹತ್ತು ನಿಮಿಷದಲ್ಲಿ ಅವರೇ ಹೋರಾಟದ ಮುಂಚೂಣಿಯಲ್ಲಿದ್ದರು! ನಾನು ಎಲೆ ಹಾಕುವ ಕಾರ್ಯಕರ್ತ.

ಬಡಿಸುತ್ತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ ಅತ್ತೆ ಲ್ಯಾಪ್‌ಟಾಪಿನ ಸಂಗತಿ ಹೇಳಿದರು. ಅವಳು ಅನ್ನದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಲ್ಲೇ ಪಾಠ ಮಾಡಿದಳು.

"ಮನಿ ಕೆಲಸಕ್ಕ ಭಾರೀದು ಬ್ಯಾಡ್ರಿ ಅಮ್ಮ. ಹ್ವಾದ ವರ್ಷದ ಮಾಡಲ್ ಆದ್ರೂ ನಡೀತದ. ಪರದಾ ದೊಡ್ಡದಿರಲಿ. ಕೀ ಒತ್ತಿ ನೋಡ್ರಿ, ಕೈಗೆ ಹಗುರ ಅದಾವ ಇಲ್ಲ ಅಂತ. ಕರೆಂಟ್ ಹ್ವಾದ್ರ ಎಷ್ಟೊತ್ತು ನಡೀತದ ಕೇಳ್ರಿ. ಕೆಟ್ರ ರಿಪೇರಿ ಸಮೀಪದಾಗ ಆಗ್ತದೇನು ಅದೂ ಕೇಳ್ರಿ. ಬಾಕಿ ಅವರು ಏನೇ ಹೇಳಿದ್ರೂ ಕಿವಿಗೆ ಹಾಕ್ಕೋಬ್ಯಾಡ್ರಿ."

"ಮತ್ತ ರ‍್ಯಾಮ್?" ಎಂದೆ ನಾನು, ಮಾನ ಉಳಿಸಿಕೊಳ್ಳಲು.

"ಇದ್ದಷ್ಟು ಸಾಕ್ರಿ ಸರ್. ಇನ್ನಾ ಜರಾ ಅನ್ನ ಹಾಕಲೇನು?"

ತಾಂಡೂರು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅಂಗಡಿಯಲ್ಲಿ ಅತ್ತೆ ಹುಡುಗಿಯ ಮಾತನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು. ಎರಡು ಲ್ಯಾಪ್‌ಟಾಪ್ ಉಳಿದವು. ಒಂದು ಜಹೀರಾಬಾದಿನಲ್ಲಿ ನನಗೆ ಮೆಚ್ಚಿಗೆಯಾದಂಥದೇ ಬೆಳ್ಳಿಬಣ್ಣದ್ದು, ನನ್ನ ಹಠಕ್ಕೆ ಉಳಿದದ್ದು; ಇನ್ನೊಂದು ಕಪ್ಪಗೆ ದಪ್ಪಗೆ ಎಮ್ಮೆಯಂತಿದ್ದ ಹಳೆಯ ಮಾಡಲ್ಲು. ಬೆಲೆಯೂ ಅದಕ್ಕೇ ಕಡಿಮೆ. ಕೀ ಒತ್ತಿ ನೋಡಲು ನಾನು ಬೆರಳು ಮುಂದೆ ಚಾಚಿದೆ.

"ನಿಂದು ಸೀಮೆಸುಣ್ಣ ಹಿಡಿಯೋ ಬಟ್ಟು, ತಗಿ," ಎಂದವರೇ ಅತ್ತೆ ಹೊರಗೆ ಹೋದರು. ಪಕ್ಕದ ಚಹಾ ಅಂಗಡಿಯಿಂದ ಒಬ್ಬ ಭಾರೀ ಆಳನ್ನು ಕರೆತಂದರು. ದಿನವಿಡೀ ಹಾಸುಗಲ್ಲು ಲಾರಿಗೆ ಏರಿಸುವ ಮನುಷ್ಯ. ಮೈತುಂಬ ಕಲ್ಲಿನ ಧೂಳು. ಒಂದೊಂದು ಬೆರಳೂ ಒಂದೊಂದು ಬಾಳೆಕಾಯಿ!

"ನಮ್ಮ ಮನಿಯವರ ಬಟ್ಟೂ ಹಿಂಗೇ ಅದಾವಪ್ಪಾ. ಜರಾ ಒತ್ತಿ ತೋರಸು."

ಅಂಗಡಿಯವರು ಉಸಿರು ಹಿಡಿದು ನಿಂತರು. ಆತ ಲುಂಗಿಗೆ ಕೈ ಒರೆಸಿಕೊಂಡು, ಕೂಸಿನ ಕೆನ್ನೆ ಮುಟ್ಟುವ ಹಾಗೆ ಬೆರಳಿಟ್ಟ. ಬೆಳ್ಳಿಯದರಲ್ಲಿ ಒಂದು ಒತ್ತಿದರೆ ಮೂರು ಅಕ್ಷರ ಬಂದವು. ಎಮ್ಮೆಯದರಲ್ಲಿ ಒತ್ತಿದರೆ ಒಂದೇ ಒಂದು ಬಂತು. ಆತ ಹಿಗ್ಗಿ ಇನ್ನೊಂದು ಒತ್ತಿದ, ಮತ್ತೊಂದು ಒತ್ತಿದ. ಹೊರಗೆ ಲಾರಿಯವನು ಹಾರ್ನ್ ಬಾರಿಸಿದರೂ ಕದಲಲೊಲ್ಲ. "ಇದೇ ಕಟ್ರಿ," ಎಂದರು ಅತ್ತೆ. ಕನ್ನಡವನ್ನು ಅಂಗಡಿಯವರೇ ಹತ್ತು ನಿಮಿಷದಲ್ಲಿ ಹಾಕಿಕೊಟ್ಟರು. ಕನ್ನಡ ಮೇಷ್ಟ್ರು ಬಾಗಿಲಲ್ಲಿ ನಿಂತು ಲಾರಿ ನೋಡುತ್ತಿದ್ದರು.

ಮುಂದಿನ ಭಾನುವಾರ ನಾರಾಯಣಖೇಡದಲ್ಲಿ ಮಾವನಿಗೆ ಪಾಠ ಹೇಳಲು ಹೋದೆ. ಕಂಪ್ಯೂಟರಿನ ಹುಟ್ಟಿನಿಂದ ಶುರುಮಾಡಿದೆ. ಒಂದು ತಾಸಾಯಿತು. ಮಾವ ಎಷ್ಟೋ ತಿಂಗಳ ಮೇಲೆ ಕೈಸನ್ನೆ ಮಾಡಿ ಸ್ಲೇಟು ತರಿಸಿಕೊಂಡು ಏನೋ ಬರೆದರು. ಸಂತೋಷದಿಂದ ಓದಿದೆ. "ಇವನಿಗೆ ಚಾ ಕೊಟ್ಟು ಕಳಿಸು" ಎಂದಿತ್ತು.

ಆದರೂ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಬೈಯ್ರಿ, ಬೈಯ್ರಿ, ಒಂದು ವರ್ಷದ್ದು ಬಾಕಿ ಅದ," ಎಂದು ನಕ್ಕರು. ಬಹಳ ಹೊತ್ತಾಯಿತು. ಆಮೇಲೆ ಮಾವ ಪರದೆಯನ್ನು ಅವರ ಕಡೆ ತಿರುಗಿಸಿದರು.

"ಆಪರೇಷನ್‌ಗೆ ಒಳಗ ಒಯ್ಯುವಾಗ ನಿನ್ನ ಹೆಸರು ಹಿಡಿದು ಕರೆದೆ. ನೀನು ಔಷಧಿ ತರಾಕ ಹೋಗಿದ್ದಿ. ಆಮೇಲೆ ದನಿ ಇರಲಿಲ್ಲ."

ಅದರ ಕೆಳಗೆ ಅತ್ತೆಯ ಹೆಸರು. ನಲವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೆಂಡತಿಯನ್ನು "ಏ, ಇಲ್ಲಿ ನೋಡು" ಎಂದಲ್ಲದೆ ಬೇರೆ ರೀತಿ ಕರೆದದ್ದನ್ನು ನಾನು ಕೇಳಿರಲಿಲ್ಲ.

ಅತ್ತೆಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಆಮೇಲೆ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಮಾವನ ಪಕ್ಕ ಕುಳಿತರು.

"ಈಗ ಕರದ್ರಿ ಬಿಡ್ರಿ. ಬಂದೀನಿ," ಎಂದರು.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನು ಸದ್ದಿಲ್ಲದೆ ಎದ್ದು ಹೋಗಿ ಅದನ್ನು ಮಗುಚಿದೆ. ಅಷ್ಟಾದರೂ ನನಗೆ ಬರುತ್ತದೆ.